ಹಾಲ್‌ನಲ್ಲಿರುವ ನಟರಾಜನಿಗೆ ನಿತ್ಯಪೂಜೆ ಬೇಕೇ?

ಪ್ರಶ್ನೆ: ಒಂಬತ್ತು ವರ್ಷದ ಹಿಂದೆ ನಮ್ಮ ಯಜಮಾನರು ಸ್ವಾಮಿಮಲೈಗೆ ಹೋದಾಗ ಎರಡಡಿ ಎತ್ತರದ ಕಂಚಿನ ನಟರಾಜನನ್ನು ತಂದರು. ಫ್ಲಾಟಿನ ಹಾಲ್‌ನಲ್ಲಿ ಮರದ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇವೆ. ಪೂಜೆ ಅಂತ ಯಾವತ್ತೂ ಮಾಡಿಲ್ಲ, ಧೂಳು ಒರೆಸುತ್ತೇವೆ ಅಷ್ಟೆ. ಹೋದ ವರ್ಷ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಅಂದಿನಿಂದ ನೆಂಟರಿಷ್ಟರದು ಒಂದೇ ಮಾತು: “ತಾಂಡವಮೂರ್ತಿಯನ್ನು ಪೂಜೆಯಿಲ್ಲದೆ ಮನೇಲಿಟ್ಟರೆ ಹೀಗೇ ಆಗೋದು. ನದಿಗೆ ಬಿಡಿ, ಇಲ್ಲಾ ದೇವಸ್ಥಾನಕ್ಕೆ ಕೊಟ್ಟುಬಿಡಿ.” ಮಗ “ಅದು ಅಪ್ಪನ ನೆನಪು, ಕೊಡಲ್ಲ” ಅಂತಾನೆ. ನನಗೆ ಈಗ ಆ ಮೂರ್ತಿಯ ಕಡೆ ನೋಡಲಿಕ್ಕೂ ಭಯ. ಅದೇ ಗೋಡೆಯ ಮೇಲೆ ಮೈಸೂರು ಶೈಲಿಯ ಲಕ್ಷ್ಮಿಯ ಚಿತ್ರವೂ ಇದೆ. ಇವಕ್ಕೆಲ್ಲ ನಿತ್ಯಪೂಜೆ ಆಗಲೇಬೇಕೇ? ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ, ವಿವರ ಆಮೇಲೆ. ನಿಮ್ಮ ಯಜಮಾನರ ಸಾವಿಗೆ ಆ ನಟರಾಜ ಕಾರಣನಲ್ಲ. ನೀವೂ ಕಾರಣರಲ್ಲ. ಹೃದಯದ ಕಾಯಿಲೆ ಪೂಜೆ ತಪ್ಪದ ಮನೆಗೂ ಬರುತ್ತದೆ, ಪೂಜೆಯೇ ಇಲ್ಲದ ಮನೆಗೂ ಬರುತ್ತದೆ. ದುಃಖದಲ್ಲಿರುವವರ ತಲೆಯ ಮೇಲೆ ಅಪರಾಧವನ್ನೂ ಹೊರಿಸುವುದು ಧರ್ಮವಲ್ಲ. ನೆಂಟರು ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಏನೋ ಒಂದು ಕಾರಣ ಸಿಕ್ಕಿದರೆ ಮನಸ್ಸಿಗೆ ಸಮಾಧಾನ ಅಂತ ಹುಡುಕುತ್ತಾರೆ. ಆದರೆ ಆ ಕಾರಣವನ್ನು ನೀವು ಹೊತ್ತು ತಿರುಗಬೇಕಾಗಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮನೆಯಲ್ಲಿ ಅಂದಕ್ಕಾಗಿ ಇಟ್ಟ ದೇವರ ರೂಪಕ್ಕೂ ಪೂಜೆಯ ಮೂರ್ತಿಗೂ ವ್ಯತ್ಯಾಸ ಇದೆಯೇ? ಇದೆ. ಅದನ್ನು ತಿಳಿಯಲು ದೊಡ್ಡ ಗ್ರಂಥ ಬೇಡ, ಯಾವುದಾದರೂ ಹಳೆಯ ದೇವಸ್ಥಾನವನ್ನು ನೆನಪು ಮಾಡಿಕೊಂಡರೆ ಸಾಕು.

ಗರ್ಭಗುಡಿ ಮತ್ತು ಹೊರಗೋಡೆ

ಬೇಲೂರಿಗೆ ಹೋಗಿರುತ್ತೀರಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನಿಗೆ ಇಂದಿಗೂ ಒಳಗೆ ಪೂಜೆ, ನೈವೇದ್ಯ, ಮಂಗಳಾರತಿ ನಡೆಯುತ್ತದೆ. ಅದೇ ದೇವಸ್ಥಾನದ ಹೊರಗೋಡೆಯ ತುಂಬ ದೇವತೆಗಳಿದ್ದಾರೆ. ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹ ಇದ್ದಾನೆ, ಗಜಾಸುರನನ್ನು ಕೊಂದು ಅವನ ಚರ್ಮ ಎತ್ತಿ ಹಿಡಿದು ಕುಣಿಯುವ ಶಿವನೂ ಇದ್ದಾನೆ. ಇವರಿಗೆ ದಿನವೂ ಅಭಿಷೇಕ ಇದೆಯೇ? ನೈವೇದ್ಯ ಇದೆಯೇ? ಇಲ್ಲ. ಅದರಿಂದ ದೇವಸ್ಥಾನಕ್ಕೆ ದೋಷ ಬಂತು ಅಂತ ಯಾರಾದರೂ ಹೇಳುತ್ತಾರೆಯೇ? ಅದೂ ಇಲ್ಲ. ಹಾಗಂತ ಆ ಶಿಲ್ಪಗಳಿಗೆ ಯಾರೂ ಚಪ್ಪಲಿ ಒರಗಿಸುವುದಿಲ್ಲ, ಒದ್ದೆ ಬಟ್ಟೆ ಒಣಹಾಕುವುದಿಲ್ಲ. ಪ್ರದಕ್ಷಿಣೆ ಬರುವಾಗ ನಿಂತು ನೋಡುತ್ತೇವೆ, ಮಕ್ಕಳಿಗೆ ಕಥೆ ಹೇಳುತ್ತೇವೆ, ಕೈ ಮುಗಿಯಬೇಕು ಅನ್ನಿಸಿದರೆ ಮುಗಿಯುತ್ತೇವೆ.

ಮನೆಯೂ ಹಾಗೆಯೇ. ನಿಮ್ಮ ದೇವರಮನೆ ಅಥವಾ ದೇವರ ಗೂಡು ಮನೆಯ ಗರ್ಭಗುಡಿ. ಹಾಲ್‌ನ ಗೋಡೆ, ಶೋಕೇಸು, ಬಾಗಿಲವಾಡ – ಇವು ಮನೆಯ ಹೊರಗೋಡೆ. ಒಳಗಿರುವವನಿಗೆ ಸಲ್ಲಬೇಕಾದದ್ದು ನಿತ್ಯೋಪಚಾರ. ಹೊರಗೋಡೆಯ ಮೇಲಿರುವವನಿಗೆ ಸಲ್ಲಬೇಕಾದದ್ದು ಮರ್ಯಾದೆ. ಈ ಎರಡನ್ನು ಬೆರೆಸಿಕೊಂಡಾಗಲೇ ಗೊಂದಲ, ಗೊಂದಲದಿಂದ ಭಯ.

ನಮ್ಮ ಹಿರಿಯರ ಮನೆಗಳಲ್ಲೂ ಇದು ಹೊಸದಲ್ಲ. ಹಳೆಯ ತೊಟ್ಟಿಮನೆಗಳ ಬಾಗಿಲವಾಡದ ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿಯನ್ನು ಕೆತ್ತಿಸುತ್ತಿದ್ದರು. ಹಬ್ಬದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ. ನಿತ್ಯಪೂಜೆ ಮಾತ್ರ ಒಳಗಿನ ದೇವರ ಸಂಪುಟಕ್ಕೆ. ಆ ಸಂಪುಟದಲ್ಲಿ ಇರುತ್ತಿದ್ದದ್ದಾದರೂ ಏನು? ಪಂಚಾಯತನ ಪೂಜೆಯವರಲ್ಲಿ ಸಾಲಿಗ್ರಾಮ, ಬಾಣಲಿಂಗ, ಸ್ಫಟಿಕ, ಸ್ವರ್ಣಮುಖಿಯ ಶಿಲೆ, ಶೋಣಭದ್ರದ ಕೆಂಪು ಕಲ್ಲು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಲ್ಲುಗಳು, ಕಣ್ಣು ಮೂಗು ಏನೂ ಇಲ್ಲ. ಲಿಂಗಾಯತರಲ್ಲಿ ಅಂಗೈಯ ಮೇಲಿನ ಇಷ್ಟಲಿಂಗ. ನಿತ್ಯಪೂಜೆಯ ದೇವರು ಬಹಳ ಮನೆಗಳಲ್ಲಿ ನೋಡಲು ಅತಿ ಸರಳ. ಕಣ್ತುಂಬ ನೋಡುವ ರೂಪಗಳು ಗೋಡೆ, ಕಂಬ, ಬಾಗಿಲುಗಳ ಮೇಲೆ. ಈ ಹಂಚಿಕೆ ನಿಮಗೂ ಸಾಕು.

ಪೂಜೆಯ ಹೊಣೆ ಯಾವಾಗ ಬರುತ್ತದೆ?

ಕಂಚನ್ನು ದೇವರ ಆಕಾರಕ್ಕೆ ಎರಕ ಹೊಯ್ದ ಮಾತ್ರಕ್ಕೆ ಅರ್ಚಾಮೂರ್ತಿ ಆಗುವುದಿಲ್ಲ. ಸಂಕಲ್ಪ, ಆವಾಹನೆ, ಪ್ರಾಣಪ್ರತಿಷ್ಠೆ ಬೇಕು. ಗಣೇಶನ ಹಬ್ಬದಲ್ಲಿ ನೀವೇ ನೋಡುತ್ತೀರಲ್ಲ. ಅಂಗಡಿಯಿಂದ ತಂದ ಮಣ್ಣಿನ ಗಣಪ ಹಿಂದಿನ ರಾತ್ರಿಯೆಲ್ಲ ಸುಮ್ಮನೆ ಮಣೆಯ ಮೇಲೆ ಇರುತ್ತಾನೆ. ಬೆಳಿಗ್ಗೆ ಪ್ರಾಣಪ್ರತಿಷ್ಠೆ ಆದ ಮೇಲೆ ಷೋಡಶೋಪಚಾರ. ವಿಸರ್ಜನೆಗೆ ಮುಂಚೆ ಉದ್ವಾಸನೆ ಮಾಡಿ, ಅಕ್ಷತೆ ಹಾಕಿ, ಮೂರ್ತಿಯನ್ನು ಸ್ವಲ್ಪ ಕದಲಿಸುತ್ತೇವೆ. ಬರಮಾಡಿಕೊಳ್ಳುವುದಕ್ಕೂ ಕಳಿಸಿಕೊಡುವುದಕ್ಕೂ ಕ್ರಮ ಇದೆ. ಕರೆದ ಮೇಲೆ ಅತಿಥಿ. ಕರೆಯದೆ ಇದ್ದವನಿಗೆ ಊಟ ಹಾಕಲಿಲ್ಲ ಅನ್ನುವ ದೋಷ ಎಲ್ಲಿಂದ ಬರಬೇಕು?

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಶ್ರೀಕೃಷ್ಣ ಉದ್ಧವನಿಗೆ ಪೂಜಾಕ್ರಮ ಹೇಳುವ ಅಧ್ಯಾಯ ಇದೆ. ಅಲ್ಲಿ ಪ್ರತಿಮೆಗಳು ಎಂಟು ಬಗೆ: ಕಲ್ಲಿನದು, ಮರದ್ದು, ಲೋಹದ್ದು, ಮಣ್ಣು ಗಾರೆಗಳಿಂದ ಮೆತ್ತಿದ್ದು, ಬರೆದ ಚಿತ್ರ, ಮರಳಿನದು, ರತ್ನದ್ದು, ಮನಸ್ಸಿನಲ್ಲಿ ಕಲ್ಪಿಸಿಕೊಂಡದ್ದು. ಸ್ಥಿರವಾಗಿ ಪ್ರತಿಷ್ಠೆ ಮಾಡಿದ ಮೂರ್ತಿಗೆ ದಿನದಿನವೂ ಆವಾಹನೆ ಉದ್ವಾಸನೆ ಇಲ್ಲ. ಚಲಮೂರ್ತಿಗೆ ಮಾಡಬಹುದು, ಬಿಡಬಹುದು. ನೆಲದ ಮೇಲೆ ಬರೆದ ಮಂಡಲಕ್ಕೆ ಎರಡೂ ಬೇಕು. ಇನ್ನೊಂದು ಮಾತೂ ಅಲ್ಲಿದೆ: ಮೆತ್ತಿದ, ಬರೆದ ರೂಪಗಳಿಗೆ ಸ್ನಾನ ಇಲ್ಲ, ಒರೆಸಿದರೆ ಸಾಕು. ವಸ್ತುವಿನ ಸ್ವಭಾವ ನೋಡಿ ಉಪಚಾರ ಅಂತ ಅರ್ಥ. ಎಷ್ಟು ವ್ಯವಹಾರಜ್ಞಾನ ನೋಡಿ!

ಅಳತೆಯ ವಿಷಯವೂ ಇದೆ. ಮನೆಯಲ್ಲಿ ಪೂಜಿಸುವ ಪ್ರತಿಮೆ ಹೆಬ್ಬೆರಳಿನ ಗೆಣ್ಣಿನಿಂದ ಹಿಡಿದು ಒಂದು ಗೇಣಿನವರೆಗೆ ಇರಬೇಕು, ಅದಕ್ಕಿಂತ ದೊಡ್ಡದು ಗೃಹಸ್ಥರಿಗೆ ಪ್ರಶಸ್ತವಲ್ಲ ಎನ್ನುತ್ತದೆ ಮತ್ಸ್ಯಪುರಾಣ. ಗೇಣು ಅಂದರೆ ಹನ್ನೆರಡು ಅಂಗುಲ, ಈಗಿನ ಲೆಕ್ಕದಲ್ಲಿ ಸುಮಾರು 9 ಇಂಚು. ದೊಡ್ಡ ಮೂರ್ತಿ ಪ್ರತಿಷ್ಠೆಯಾದರೆ ಅದಕ್ಕೆ ತಕ್ಕ ಅಭಿಷೇಕ, ಅಲಂಕಾರ, ನೈವೇದ್ಯ ಬೇಕು. ಕೆಲಸಕ್ಕೆ ಓಡುವ, ಬೇಸಿಗೆ ರಜೆಗೆ ಮನೆ ಬೀಗ ಹಾಕುವ ಸಂಸಾರದ ಕೈಲಿ ಅದು ಆಗುವ ಕೆಲಸವಲ್ಲ. ನಿಮ್ಮ ನಟರಾಜ ಎರಡಡಿ. ಅಂದರೆ ಅಳತೆಯಿಂದಲೇ ಅವನು ನಿಮ್ಮ ದೇವರ ಗೂಡಿನವನಲ್ಲ. ನಿಮ್ಮ ಯಜಮಾನರು ಹಾಲ್‌ನಲ್ಲಿಟ್ಟು, ಪ್ರತಿಷ್ಠೆ ಮಾಡಿಸದೆ ಇದ್ದದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ.

ಹಾಗಾದರೆ ಅದು ಬರೀ ಶೋಪೀಸೇ?

ಅಲ್ಲ. ಇಲ್ಲಿ ಇನ್ನೊಂದು ತುದಿಗೆ ಹೋಗಬೇಡಿ. ಬಿಂಬದಲ್ಲಿ ದೇವರ ಸಾನ್ನಿಧ್ಯ ಬರಲು ಮೂರು ಕಾರಣಗಳನ್ನು ನಮ್ಮ ಸಂಪ್ರದಾಯ ಹೇಳುತ್ತದೆ: ಅರ್ಚಕನ ತಪಸ್ಸು, ಪೂಜೆಯ ಸಮೃದ್ಧಿ, ಮತ್ತು ಬಿಂಬದ ಸೌಂದರ್ಯ. ಮೂರನೆಯದನ್ನು ಗಮನಿಸಿ. ಶಿಲ್ಪಿ ಮಾಡುವ ಅಂದವೂ ದೇವರು ಬರುವ ದಾರಿಗಳಲ್ಲಿ ಒಂದು. ಆದ್ದರಿಂದ ಚೆನ್ನಾಗಿ ಮಾಡಿದ ಮೂರ್ತಿಯನ್ನು ‘ಬರೀ ಅಲಂಕಾರ’ ಅನ್ನುವುದೂ ಪೂರ್ತಿ ಸರಿಯಲ್ಲ.

ಸ್ವಾಮಿಮಲೈನ ಸ್ಥಪತಿಗಳು ಹೇಗೆ ಕೆಲಸ ಮಾಡುತ್ತಾರೆ ಅಂತ ತಿಳಿದರೆ ನಿಮ್ಮ ಭಯ ಗೌರವವಾಗುತ್ತದೆ. ತೆಂಗಿನ ಗರಿಯ ಸೀಳನ್ನು ಮೂರ್ತಿಯ ಎತ್ತರಕ್ಕೆ ಕತ್ತರಿಸಿ, ಮಡಿಚಿ ಮಡಿಚಿ ತಾಳಮಾನದ ಗುರುತು ಮಾಡಿಕೊಳ್ಳುತ್ತಾರೆ. ಮುಖ ಇಷ್ಟು, ಎದೆ ಇಷ್ಟು, ತೊಡೆ ಇಷ್ಟು ಎಂಬುದೆಲ್ಲ ಆ ಗರಿಯ ಮಡಿಕೆಯಲ್ಲೇ. ಜೇನುಮೇಣಕ್ಕೆ ರಾಳ, ಎಣ್ಣೆ ಸೇರಿಸಿ ಮೊದಲು ಮೇಣದ ಮೂರ್ತಿ ಮಾಡುತ್ತಾರೆ. ಅದರ ಮೇಲೆ ಕಾವೇರಿಯ ನುಣುಪಾದ ಮೆಕ್ಕಲು ಮಣ್ಣನ್ನು ಪದರ ಪದರವಾಗಿ ಬಳಿದು ಒಣಗಿಸುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿಯುತ್ತದೆ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಮೂರ್ತಿ. ನಿಮ್ಮ ಮನೆಯ ನಟರಾಜನಂಥವನು ಇನ್ನೊಬ್ಬನಿಲ್ಲ. ಈ ಮೇಣದ ಎರಕದ ವಿಧಾನವನ್ನು ನಮ್ಮ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ವಿವರಿಸಿದ್ದಾನೆ.

ಪೂಜೆಗಾಗಿಯೇ ಮಾಡಿಸುವ ಮೂರ್ತಿಗೆ ಕೊನೆಯಲ್ಲಿ ನಯನೋನ್ಮೀಲನ, ಅಂದರೆ ಕಣ್ಣು ತೆರೆಸುವ ಶಾಸ್ತ್ರ, ಮುಹೂರ್ತ ನೋಡಿ ನಡೆಯುತ್ತದೆ. ಅದರ ನಂತರ ಪ್ರತಿಷ್ಠೆ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮೂರ್ತಿಗೆ ಪ್ರತಿಷ್ಠೆ ಆಗಿರುವುದಿಲ್ಲ.

ತಾಂಡವ ಅಂದರೆ ಸಂಹಾರ ಮಾತ್ರವೇ?

ನೆಂಟರ ಭಯದ ಬೇರು ಇಲ್ಲಿದೆ. ನಿತ್ಯಪೂಜೆಗೆ ಶಾಂತರೂಪವನ್ನೇ ಆರಿಸಿಕೊಳ್ಳುವ ರೂಢಿ ಗೃಹಸ್ಥರಲ್ಲಿ ಇದೆ, ನಿಜ. ಅದಕ್ಕೇ ಉಗ್ರನರಸಿಂಹನಿಗಿಂತ ಲಕ್ಷ್ಮೀನರಸಿಂಹನನ್ನು ಮನೆಗೆ ತರುತ್ತಾರೆ. ಆದರೆ ನೀವು ತಂದಿರುವುದು ಉಗ್ರರೂಪವೇ? ಒಮ್ಮೆ ಹತ್ತಿರ ನಿಂತು ನೋಡಿ.

ಬಲಗಡೆ ಮೇಲಿನ ಕೈಯಲ್ಲಿ ಡಮರು: ಸೃಷ್ಟಿಯ ನಾದ. ಬಲಗಡೆ ಕೆಳಗಿನ ಕೈ ಅಭಯಹಸ್ತ: ಸ್ಥಿತಿ, ಕಾಪಾಡುವುದು. ಎಡಗಡೆ ಮೇಲಿನ ಕೈಯಲ್ಲಿ ಬೆಂಕಿ: ಸಂಹಾರ. ಊರಿದ ಪಾದದ ಕೆಳಗೆ ಅಪಸ್ಮಾರ, ಅಂದರೆ ಮರೆವು, ಅಜ್ಞಾನ: ಅದು ತಿರೋಭಾವ. ಆನೆಯ ಸೊಂಡಿಲಿನಂತೆ ಅಡ್ಡ ಚಾಚಿದ ಎಡಗೈ ಎತ್ತಿದ ಪಾದವನ್ನು ತೋರಿಸುತ್ತದೆ: ಅನುಗ್ರಹ, ಇಲ್ಲಿಗೆ ಬಾ ಅನ್ನುವ ಕರೆ. ಹೀಗೆ ಐದು ಕೃತ್ಯಗಳು. ಐದರಲ್ಲಿ ಸಂಹಾರ ಒಂದು ಮಾತ್ರ. ಅದರ ಜೊತೆಗೇ ಹೆದರಬೇಡ ಅನ್ನುವ ಕೈಯೂ ಇದೆ. ಸುತ್ತ ಜ್ವಾಲೆಯ ಪ್ರಭಾವಳಿ ಇದ್ದರೂ ಮುಖ ಮಾತ್ರ ಪ್ರಶಾಂತ. ಇದನ್ನು ಆನಂದತಾಂಡವ ಎನ್ನುತ್ತಾರೆ, ಚಿದಂಬರದಲ್ಲಿ ಪೂಜೆಗೊಳ್ಳುವುದು ಈ ರೂಪವೇ. ನಮ್ಮ ಬಾದಾಮಿಯ ಮೊದಲ ಗುಹೆಯ ಬಾಗಿಲಲ್ಲಿ 6ನೆಯ ಶತಮಾನದಿಂದ ಹದಿನೆಂಟು ಕೈಯ ನಟರಾಜ ಕುಣಿಯುತ್ತಿದ್ದಾನೆ. ಭರತನಾಟ್ಯ ಕಲಿಯುವ ಮಕ್ಕಳು ವೇದಿಕೆಯ ಮೂಲೆಯಲ್ಲಿ ನಟರಾಜನನ್ನಿಟ್ಟು ಹೂವೇರಿಸಿ ಗೆಜ್ಜೆ ಕಟ್ಟುತ್ತಾರೆ. ಜಿನೀವಾದ ಸೆರ್ನ್ ಭೌತವಿಜ್ಞಾನ ಕೇಂದ್ರದ ಆವರಣದಲ್ಲೂ 2004ರಲ್ಲಿ ಭಾರತ ಸರ್ಕಾರ ಕೊಟ್ಟ ನಟರಾಜ ನಿಂತಿದ್ದಾನೆ. ಅಲ್ಲಿ ಅವನು ಪೂಜಾಮೂರ್ತಿಯಾಗಿ ಅಲ್ಲ, ಗೌರವದ ಕಾಣಿಕೆಯಾಗಿ ನಿಂತವನು.

ನೀವು ಈಗ ಮಾಡಬೇಕಾದದ್ದು

ಮೂರ್ತಿಯನ್ನು ನದಿಗೆ ಬಿಡಬೇಡಿ. ಭಿನ್ನವಾಗದ, ಆವಾಹನೆಯೇ ಆಗದ ಮೂರ್ತಿಗೆ ವಿಸರ್ಜನೆ ಎಂಬ ಮಾತೇ ಹೊಂದುವುದಿಲ್ಲ. ಕಂಚು ನೀರಿನಲ್ಲಿ ಕರಗುವುದೂ ಇಲ್ಲ. ದೇವಸ್ಥಾನಕ್ಕೆ ಕೊಡುವುದೂ ಹೇಳಿದಷ್ಟು ಸುಲಭವಲ್ಲ. ಪ್ರತಿ ದೇವಸ್ಥಾನಕ್ಕೂ ಅದರ ಆಗಮದ ಪ್ರಕಾರ ಮೂಲಮೂರ್ತಿ, ಉತ್ಸವಮೂರ್ತಿ, ಪರಿವಾರ ಎಲ್ಲ ನಿಗದಿಯಾಗಿರುತ್ತದೆ. ಕೇಳದೆ ಬಿಟ್ಟು ಬಂದ ದೇವರುಗಳ ಗತಿ ಏನು ಅಂತ ನಮ್ಮ ನಗರದ ಯಾವ ಅರಳಿಕಟ್ಟೆಗೆ ಹೋದರೂ ಕಾಣುತ್ತದೆ: ಗಾಜೊಡೆದ ಫೋಟೋ, ಕೈ ಮುರಿದ ಗಣಪ, ಮಳೆಯಲ್ಲಿ ನೆಂದ ಕ್ಯಾಲೆಂಡರು. ಕೊನೆಗೆ ಅದನ್ನು ಎತ್ತುವುದು ಕಸದ ಲಾರಿ. ಮನೆಯ ಹಾಲ್‌ನಲ್ಲಿ ಮರ್ಯಾದೆಯಿಂದ ಇದ್ದವನನ್ನು ಅಲ್ಲಿಗೆ ಕಳಿಸುವುದು ಯಾವ ಭಕ್ತಿ?

ಇದ್ದಲ್ಲೇ ಇರಲಿ. ಸೊಂಟಕ್ಕಿಂತ ಎತ್ತರದ, ಅಲುಗಾಡದ ಪೀಠ ಇರಲಿ. ಚಪ್ಪಲಿ ಸ್ಟ್ಯಾಂಡು, ಬಚ್ಚಲ ಬಾಗಿಲಿನ ಪಕ್ಕ ಬೇಡ. ಸೋಫಾದಲ್ಲಿ ಕೂತವರು ಕಾಲು ಚಾಚಿದರೆ ಮೂರ್ತಿಯ ಕಡೆಗೇ ಬರುವಂತಿದ್ದರೆ ಸ್ಟ್ಯಾಂಡನ್ನು ಒಂದಿಷ್ಟು ಸರಿಸಿ. ಪಕ್ಕದಲ್ಲಿ ಚಾರ್ಜರು, ಕರೆಂಟ್ ಬಿಲ್ಲು, ಕಾಫಿ ಲೋಟ ಗುಡ್ಡೆ ಹಾಕಬೇಡಿ. ಮೂರ್ತಿ ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬ ಚಿಂತೆ ಪೂಜಾಮೂರ್ತಿಗೆ. ಇಲ್ಲಿ ಶುಚಿ, ಎತ್ತರ, ಗೌರವ ಇದ್ದರೆ ಸಾಕು.

ಒರೆಸಲು ಒಣ ಹತ್ತಿಬಟ್ಟೆ, ಜ್ವಾಲೆಗಳ ಸಂದಿಗೆ ಮೆದುವಾದ ಬ್ರಷ್ಷು. ಹುಣಿಸೆಹಣ್ಣು, ನಿಂಬೆ, ಪಾತ್ರೆಯ ಪುಡಿ ಹಾಕಿ ಉಜ್ಜಬೇಡಿ. ಹುಳಿ ಮೇಲಿನ ಬಣ್ಣವನ್ನು ತಿನ್ನುತ್ತದೆ, ಉಜ್ಜಿ ಉಜ್ಜಿ ಕಣ್ಣು ಮೂಗಿನ ಗೆರೆ ಸವೆಯುತ್ತದೆ.

ಮನಸ್ಸಾದ ದಿನ ಒಂದು ಹೂವಿಡಿ, ಕೈ ಮುಗಿಯಿರಿ, ಸೋಮವಾರವೋ ಪ್ರದೋಷವೋ ದೀಪ ಹಚ್ಚಿ. ಹಾಗೆ ಮಾಡಿದ ಮಾತ್ರಕ್ಕೆ ನಿತ್ಯಪೂಜೆಯ ಹೊಣೆ ಬಂದು ಬೀಳುವುದಿಲ್ಲ. ಹೊಣೆ ಬರುವುದು ನೀವು ಸಂಕಲ್ಪ ಮಾಡಿ, ಆವಾಹಿಸಿ, ‘ಇನ್ನು ದಿನವೂ ಮಾಡುತ್ತೇನೆ’ ಎಂದು ಹಿಡಿದಾಗ. ಹೆದರಿಕೆಯಿಂದ ಈಗ ಅವಸರದಲ್ಲಿ ಪ್ರತಿಷ್ಠೆ ಮಾಡಿಸಬೇಡಿ. ಭಯದಲ್ಲಿ ಹಿಡಿದ ನೇಮ ಬಹಳ ದಿನ ನಡೆಯುವುದಿಲ್ಲ, ಬಿಟ್ಟಾಗ ಹೊಸ ಭಯ ಹುಟ್ಟುತ್ತದೆ.

ಮಗನ ಮಾತಿನಲ್ಲಿ ನ್ಯಾಯವಿದೆ. ಅದು ಅವನ ತಂದೆ ಇಷ್ಟಪಟ್ಟು ತಂದ ವಸ್ತು. ಅದನ್ನು ಒರೆಸುವ ಕೆಲಸವನ್ನು ವಾರಕ್ಕೊಮ್ಮೆ ಅವನಿಗೇ ವಹಿಸಿ. ತಂದೆಯ ಋಣ ತೀರಿಸುವುದು ಶ್ರಾದ್ಧ, ತರ್ಪಣ, ಅವರ ಹೆಸರಿನ ದಾನಧರ್ಮದಿಂದ. ಅದನ್ನು ಕ್ರಮವಾಗಿ ಮಾಡಲಿ. ಆದರೆ ನೆನಪು ಉಳಿಯುವುದು ಇಂಥ ಸಣ್ಣ ಕೈಕೆಲಸಗಳಲ್ಲಿ. ನೆಂಟರು ಮತ್ತೆ ಕೇಳಿದರೆ ಜಗಳ ಬೇಡ. “ಪೂಜೆ ಒಳಗಿನ ದೇವರಿಗೆ ನಡೀತಿದೆ, ಇವನು ಹೊರಗೋಡೆಯ ದೇವರು” ಅಂತ ಹೇಳಿ. ಬೇಲೂರು ನೋಡಿದವರಿಗೆ ಅರ್ಥವಾಗುತ್ತದೆ.

ಮೈಸೂರು ಚಿತ್ರದ ಲಕ್ಷ್ಮಿ

ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಆಭರಣ, ಪ್ರಭಾವಳಿ, ಕಂಬಗಳ ಭಾಗವನ್ನು ಗೆಸ್ಸೋ ಎಂಬ ಸರಿಯಿಂದ ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಚಿತ್ರದಲ್ಲಿ ಉಬ್ಬು ಹೆಚ್ಚು, ಗಾಜಿನ ಹರಳುಗಳೂ ಇರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆಗೆ ದೊಡ್ಡ ಆಶ್ರಯ ಸಿಕ್ಕಿತು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ಧ್ಯಾನಶ್ಲೋಕ, ಅದಕ್ಕೆ ತಕ್ಕ ಚಿತ್ರ ಎರಡೂ ಇವೆ, ಮೂವತ್ತೆರಡು ಗಣಪತಿಗಳ ರೂಪಗಳೂ ಇವೆ. ಅಂದರೆ ಚಿತ್ರ ಎಂಬುದು ಧ್ಯಾನಕ್ಕೆ ಸಹಾಯ. ಕಣ್ಣು ಮುಚ್ಚಿದಾಗ ರೂಪ ಮನಸ್ಸಿಗೆ ಬರಲಿ ಅಂತ ಕಣ್ಣು ತೆರೆದಾಗ ನೋಡುವುದು.

ಚಿತ್ರ ಗೋಡೆಯಿಂದ ದೇವರ ಗೂಡಿಗೆ ಹೋಗುವುದೂ ಉಂಟು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ಸು ಹಾಕಿಸಿದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ಅಗ್ಗದ ಬೆಲೆಗೆ ಮನೆಮನೆ ಸೇರಿದರು. ಅಂದಕ್ಕೆಂದು ತೂಗುಹಾಕಿದವರು ಎಷ್ಟೋ ಜನ, ಅದಕ್ಕೇ ಕುಂಕುಮವಿಟ್ಟು ಪೂಜಿಸಿದವರೂ ಎಷ್ಟೋ ಜನ. ಎರಡೂ ತಪ್ಪಲ್ಲ. ನಮ್ಮ ಮನೆಯಲ್ಲಿ ಯಾವುದು ಯಾವುದಕ್ಕೆ ಎಂಬುದು ಮನೆಯವರಿಗೆ ಗೊತ್ತಿರಬೇಕು, ಅಷ್ಟೆ.

ನಿಮ್ಮ ಚಿತ್ರದ ಮೇಲೆ ನೀರು ಬೇಡ, ಒದ್ದೆ ಬಟ್ಟೆ ಬೇಡ. ಕುಂಕುಮ ಇಡಲೇಬೇಕೆಂದರೆ ಚೌಕಟ್ಟಿಗೆ ಇಡಿ, ಚಿತ್ರಕ್ಕಲ್ಲ. ನೇರ ಬಿಸಿಲು ಬೀಳುವ ಗೋಡೆ, ಬಚ್ಚಲಿನ ತೇವ ಹೀರುವ ಗೋಡೆ ಎರಡೂ ಬೇಡ. ಊದುಬತ್ತಿಯನ್ನು ತೀರ ಕೆಳಗೆ ಹಚ್ಚಿಟ್ಟರೆ ಹೊಗೆ ಹತ್ತಿ ಚಿನ್ನ ಮಂಕಾಗುತ್ತದೆ.

ಇದೇ ವಿಷಯದ ಇನ್ನಷ್ಟು ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಮೂರು ಗಣಪತಿ ಇರಬಾರದು ಅಂತಾರೆ. ನಮ್ಮ ಶೋಕೇಸಿನಲ್ಲಿ ಹನ್ನೊಂದು ಇವೆ! ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನೇ ಕೊಟ್ಟರು.

ಉತ್ತರ: ಧರ್ಮನಿಬಂಧಗಳಲ್ಲಿ ಈ ಲೆಕ್ಕ ಇದೆ: ಎರಡು ಲಿಂಗ, ಮೂರು ಗಣಪತಿ, ಎರಡು ಶಂಖ ಹೀಗೆ. ಆದರೆ ಅಲ್ಲಿರುವ ಮಾತು ‘ಮನೆಯಲ್ಲಿ ಇರಕೂಡದು’ ಅಂತ ಅಲ್ಲ, ‘ಅರ್ಚಿಸಕೂಡದು’ ಅಂತ. ಪೂಜೆಯ ಗಮನ ಹಂಚಿಹೋಗದೆ ಒಂದೇ ಕಡೆ ನಿಲ್ಲಲಿ ಎಂಬ ಅರ್ಥದಲ್ಲಿ ಅದನ್ನು ತೆಗೆದುಕೊಳ್ಳಿ. ದೇವರ ಗೂಡಿನಲ್ಲಿ ಒಬ್ಬ ಗಣಪತಿ ಇರಲಿ. ಶೋಕೇಸಿನವರನ್ನು ಎಣಿಸಿ ಹೆದರಬೇಡಿ. ಆದರೆ ಹನ್ನೊಂದನ್ನೂ ಶುಚಿಯಾಗಿಡಲು ಆಗದಿದ್ದರೆ ಇಷ್ಟಪಡುವವರಿಗೆ ಕೊಡಿ. ಮುಂದಿನ ಸಲ ಗೃಹಪ್ರವೇಶಕ್ಕೆ ಹೋಗುವಾಗ ನೀವೂ ಇನ್ನೊಂದು ಗಣಪನನ್ನು ಒಯ್ಯಬೇಡಿ!

ಪ್ರಶ್ನೆ: ದಸರಾ ಬೊಂಬೆಗಳಲ್ಲಿ ದೇವರ ಬೊಂಬೆಗಳೂ ಇರುತ್ತವೆ. ಹತ್ತು ದಿನ ಆರತಿ ಮಾಡಿ ಆಮೇಲೆ ಡಬ್ಬದಲ್ಲಿ ತುಂಬಿಡುವುದು ಸರಿಯೇ?

ಉತ್ತರ: ಸರಿ. ಅಲಂಕಾರವೂ ಆರಾಧನೆಯೂ ಹೇಗೆ ಒಟ್ಟಿಗೆ ಬಾಳಬಹುದು ಎಂಬುದಕ್ಕೆ ಬೊಂಬೆಹಬ್ಬದಂಥ ಉದಾಹರಣೆ ಇಲ್ಲ. ಪೂಜೆ ಮುಖ್ಯವಾಗಿ ಕಳಶಕ್ಕೆ, ಪಟ್ಟದ ಬೊಂಬೆಗಳಿಗೆ. ಚನ್ನಪಟ್ಟಣದ ಬೊಂಬೆ, ದಶಾವತಾರದ ಸೆಟ್ಟು, ಮದುವೆ ಮನೆ, ತರಕಾರಿ ಅಂಗಡಿಯ ಶೆಟ್ಟರು ಎಲ್ಲರೂ ಒಂದೇ ಮೆಟ್ಟಿಲಸಾಲಿನಲ್ಲಿ ಕೂರುತ್ತಾರೆ. ವಿಜಯದಶಮಿಯ ರಾತ್ರಿ ಒಂದು ಬೊಂಬೆಯನ್ನು ಮಲಗಿಸಿ ಹಬ್ಬ ಮುಗಿಯಿತೆಂದು ಸೂಚಿಸುವ ಪದ್ಧತಿ ಇದೆ. ಮಾರನೆಯ ದಿನ ಹಳೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಇಡಿ. ಮುಂದಿನ ವರ್ಷ ಮಗುವಿನ ಕೈಯಲ್ಲೇ ಬಿಚ್ಚಿಸಿ.

ಪ್ರಶ್ನೆ: ಬುದ್ಧನ ತಲೆ, ಗಣೇಶನ ಮುಖವಿರುವ ಡೋರ್‌ಮ್ಯಾಟು, ದೇವರ ಚಿತ್ರದ ಟೈಲ್ಸು – ಇವೆಲ್ಲ ಈಗ ಫ್ಯಾಷನ್. ಇಡಬಹುದೇ?

ಉತ್ತರ: ಎಲ್ಲಿ ಎಂಬುದರ ಮೇಲೆ ಹೋಗುತ್ತದೆ. ತುಳಿಯುವ, ಕೂರುವ, ಎಂಜಲಾಗುವ, ಕಸಕ್ಕೆ ಬೀಳುವ ವಸ್ತುವಿನ ಮೇಲೆ ಯಾವ ದೇವರ ರೂಪವೂ ಬೇಡ. ಡೋರ್‌ಮ್ಯಾಟು, ಚಪ್ಪಲಿ, ದಿಂಬಿನ ಕವರು, ಟಿಶ್ಯೂ ಡಬ್ಬ – ಖಂಡಿತ ಬೇಡ. ಜನ ಮೂತ್ರ ಮಾಡದಿರಲಿ ಅಂತ ಕಾಂಪೌಂಡಿಗೆ ದೇವರ ಟೈಲ್ಸ್ ಹಾಕಿಸುವುದೂ ಸರಿಯಲ್ಲ. ದೇವರನ್ನು ಕಾವಲಿಗೆ ನಿಲ್ಲಿಸಿದ ಹಾಗಾಯಿತು, ಅದೂ ಎಂಥ ಜಾಗದಲ್ಲಿ! ಬುದ್ಧನ ತಲೆಯ ವಿಷಯ ಬೇರೆ. ಮ್ಯೂಸಿಯಮ್ಮುಗಳಲ್ಲಿ ಕಾಣುವ ಎಷ್ಟೋ ಬುದ್ಧನ ತಲೆಗಳು ಪೂರ್ಣ ವಿಗ್ರಹದಿಂದ ಮುರಿದು ಬಂದವು. ಅದನ್ನೇ ನೋಡಿ ಈಗ ತಲೆಯನ್ನು ಮಾತ್ರ ಅಲಂಕಾರಕ್ಕೆ ಮಾಡುತ್ತಾರೆ. ಇನ್ನೊಬ್ಬರ ಆರಾಧ್ಯನನ್ನು ಮನೆಗೆ ತರುವುದಾದರೆ ಧ್ಯಾನಮುದ್ರೆಯ ಪೂರ್ಣ ರೂಪವನ್ನೇ ತನ್ನಿ. ಬಾರ್ ಕೌಂಟರಿನ ಮೇಲೆ, ಬಚ್ಚಲಿನಲ್ಲಿ ಇಡಬೇಡಿ. ನಮ್ಮ ಗಣಪನನ್ನು ಪರದೇಶದವರು ಹಾಗಿಟ್ಟರೆ ನಮಗೆ ನೋಯುತ್ತದಲ್ಲವೇ? ಅದೇ ಅಳತೆಗೋಲು.

ಪ್ರಶ್ನೆ: ಒಬ್ಬರು ‘ಬಹಳ ಹಳೆಯ, ದೇವಸ್ಥಾನದ್ದೇ’ ಪಂಚಲೋಹದ ಕೃಷ್ಣನನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಶಕ್ತಿ ಹೆಚ್ಚು ಅಂತೆ. ಕೊಳ್ಳಬಹುದೇ?

ಉತ್ತರ: ಬೇಡವೇ ಬೇಡ. ಇಲ್ಲಿ ಎರಡು ದೋಷ. ಒಂದು ಧರ್ಮದ್ದು: ದೇವಸ್ಥಾನದಲ್ಲಿ ಪ್ರತಿಷ್ಠೆಯಾಗಿ ಪೂಜೆಗೊಂಡ ಮೂರ್ತಿ ಆ ಊರಿನದು, ಮಾರಲು ಅವರ್ಯಾರು? ಇನ್ನೊಂದು ಕಾನೂನಿನದು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ವಿಗ್ರಹ ಪುರಾತನ ವಸ್ತು. ಅದನ್ನು ನೋಂದಣಿ ಅಧಿಕಾರಿಯ ಬಳಿ ದಾಖಲಿಸಿರಬೇಕು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ವಿದೇಶಕ್ಕೆ ಖಾಸಗಿಯಾಗಿ ಸಾಗಿಸುವಂತಿಲ್ಲ. ತಮಿಳುನಾಡಿನ ಶ್ರೀಪುರಂಧಾನ್ ದೇವಸ್ಥಾನದಿಂದ ಕದ್ದ ಚೋಳರ ನಟರಾಜ ಆಸ್ಟ್ರೇಲಿಯದ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನದ ವಸ್ತುವಾಗಿ ನಿಂತು, 2014ರಲ್ಲಿ ಭಾರತಕ್ಕೆ ಮರಳಿದ. ಪೂಜಾಮೂರ್ತಿಯನ್ನು ಅಲಂಕಾರದ ವಸ್ತುವಾಗಿಸುವುದೇ ದೊಡ್ಡ ಅಪಚಾರ. ಹೊಸ ಮೂರ್ತಿಯನ್ನು ಶಿಲ್ಪಿಯಿಂದ ನೇರವಾಗಿ, ರಸೀದಿ ಪಡೆದು ಕೊಳ್ಳಿ. ಅದು ಅವರ ಹೊಟ್ಟೆಗೂ ಆಗುತ್ತದೆ, ಕಲೆಯೂ ಉಳಿಯುತ್ತದೆ. ನಿಮ್ಮ ಅಜ್ಜನ ಕಾಲದಿಂದ ಮನೆಯಲ್ಲೇ ಇರುವ ಹಳೆಯ ವಿಗ್ರಹವಾದರೆ ಭಯ ಬೇಡ, ನೋಂದಣಿಯ ಬಗ್ಗೆ ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಶೋಕೇಸಿನ ರೆಸಿನ್ ಕೃಷ್ಣನ ಕೊಳಲು ಮುರಿಯಿತು. ಗಾಜೊಡೆದ ದೇವರ ಪಟವೂ ಇದೆ. ಏನು ಮಾಡಬೇಕು?

ಉತ್ತರ: ಮುರಿದದ್ದು ಅಪಶಕುನವಲ್ಲ, ಕೈ ಜಾರಿದ್ದು. ಅಲಂಕಾರದ ಬೊಂಬೆಯ ಕೊಳಲನ್ನು ಅಂಟಿಸಿ ಮತ್ತೆ ಇಡಬಹುದು. ಪಟದ ಗಾಜನ್ನು ಬದಲಿಸಿದರೆ ಆಯಿತು, ಪಟಕ್ಕೆ ದೋಷವಿಲ್ಲ. ನಿತ್ಯಪೂಜೆಯ ಮೂರ್ತಿಯೇ ಭಿನ್ನವಾದರೆ ಮಾತ್ರ ನಿಮ್ಮ ಪುರೋಹಿತರನ್ನು ಕೇಳಿ, ಉದ್ವಾಸನೆ ಮಾಡಿ ಬೇರೆ ಮೂರ್ತಿ ತನ್ನಿ. ಸರಿಮಾಡಲಾಗದ ವಸ್ತುವನ್ನು ಅದರ ಸ್ವಭಾವಕ್ಕೆ ತಕ್ಕಂತೆ ಕಳಿಸಿ: ಬಣ್ಣವಿಲ್ಲದ ಮಣ್ಣಿನದಾದರೆ ಬಕೆಟ್ಟಿನ ನೀರಿನಲ್ಲಿ ಕರಗಿಸಿ ಗಿಡದ ಬುಡಕ್ಕೆ, ಲೋಹದ್ದಾದರೆ ಮತ್ತೆ ಎರಕಕ್ಕೆ, ಮರದ್ದು ಕಾಗದದ್ದು ಶುಚಿಯಾದ ಜಾಗದಲ್ಲಿ ಅಗ್ನಿಗೆ. ರೆಸಿನ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಕೆರೆಯಲ್ಲಿ ಕರಗುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ. ಅವನ್ನು ಬಟ್ಟೆಯಲ್ಲಿ ಸುತ್ತಿ, ಕೈ ಮುಗಿದು, ಒಣ ಕಸದ ಕೇಂದ್ರಕ್ಕೆ ನೀವೇ ಒಯ್ದು ಕೊಡಿ. ಕೊಳ್ಳುವ ದಿನವೇ ‘ಇದು ಮುರಿದರೆ ಎಲ್ಲಿಗೆ ಹೋಗುತ್ತದೆ’ ಅಂತ ಒಮ್ಮೆ ಯೋಚಿಸಿ ಮಣ್ಣು, ಮರ, ಲೋಹ ಇಂಥದ್ದನ್ನು ಆರಿಸಿಕೊಂಡರೆ ಈ ಪ್ರಶ್ನೆ ಅರ್ಧ ಬಗೆಹರಿಯುತ್ತದೆ. ಎಲ್ಲರಿಗೂ ಶುಭವಾಗಲಿ.